ಮೇಜು ಊರಲ್ಲಿ ಉಳಿಯುತ್ತದೆ, ಫೋನು ಊರು ಬಿಡುತ್ತದೆ: ರಿಸೆಪ್ಷನಿಸ್ಟ್ ಮತ್ತು ಟೆಲಿಫೋನ್ ಗುಮಾಸ್ತರ ಪ್ರಾದೇಶಿಕ ಅವಕಾಶಗಳು

ಎಲ್ಲರಿಗೂ ನಮಸ್ಕಾರ. ಈ ಸಭೆಗೆ ಬಂದವರಲ್ಲಿ ಮೂರು ಬಗೆಯವರಿದ್ದೀರಿ. ರಿಸೆಪ್ಷನಿಸ್ಟ್ ಕೆಲಸಕ್ಕೆ ಅರ್ಜಿ ಹಾಕಬೇಕೆಂದಿರುವವರು, ಈಗಾಗಲೇ ಫೋನಿನ ಮುಂದೆ ದುಡಿಯುತ್ತಿರುವವರು, ಇಂಥ ಕೆಲಸಕ್ಕೆ ಯುವಜನರನ್ನು ತಯಾರು ಮಾಡುವ ತರಬೇತಿ ಕೇಂದ್ರದವರು. ಮೂವರ ಪ್ರಶ್ನೆಯೂ ಒಂದೇ: ನಮ್ಮ ಭಾಗದಲ್ಲಿ ಈ ಕೆಲಸ ಇನ್ನೆಷ್ಟು ವರ್ಷ ಸಿಗುತ್ತದೆ?

ಇಡೀ ದೇಶಕ್ಕೆ ಸೇರಿಸಿ ಒಂದೇ ಉತ್ತರ ಕೊಡುವವರ ಮಾತನ್ನು ಒಪ್ಪಿಕೊಳ್ಳಬೇಡಿ. ರಿಸೆಪ್ಷನಿಸ್ಟ್, ಟೆಲಿಫೋನ್ ಗುಮಾಸ್ತ ಎಂದು ಎರಡನ್ನೂ ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಊರಿನ ಮಟ್ಟಕ್ಕೆ ಇಳಿದು ನೋಡಿದರೆ ಇವೆರಡರ ದಾರಿ ಬೇರೆ ಬೇರೆ. ಎದುರಿಗೆ ಬಂದು ನಿಂತವರನ್ನು ವಿಚಾರಿಸುವ ಕೆಲಸ ಆ ಕಟ್ಟಡ ಇರುವ ಕಡೆಯೇ ಆಗಬೇಕು. ಫೋನಿನಲ್ಲಿ ಬಂದವರನ್ನು ವಿಚಾರಿಸುವ ಕೆಲಸ ಸಂಪರ್ಕ ಇರುವ ಯಾವ ಊರಿನಲ್ಲಾದರೂ ಆಗಬಹುದು. ಇವತ್ತು ನಾವು ಹೇಳುವುದೆಲ್ಲ ಈ ಒಂದು ವ್ಯತ್ಯಾಸದಿಂದಲೇ ಹೊರಡುತ್ತದೆ.

ಅಂಕಿಅಂಶ ನೋಡಲು ಕೂತರೆ ಮೊದಲ ತೊಡಕು ಹೆಸರಿನದ್ದೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1988ರ ಉದ್ಯೋಗ ವರ್ಗೀಕರಣದಲ್ಲಿ ರಿಸೆಪ್ಷನಿಸ್ಟರಿಗೂ ಮಾಹಿತಿ ಗುಮಾಸ್ತರಿಗೂ ಸೇರಿ 4222 ಎಂಬ ಒಂದೇ ಸಂಖ್ಯೆ ಇತ್ತು. ಸ್ವಿಚ್‌ಬೋರ್ಡ್ ಆಪರೇಟರುಗಳಿಗೆ, ಅಂದರೆ ಬಂದ ಕರೆಯನ್ನು ಬೇಕಾದವರ ಲೈನಿಗೆ ಜೋಡಿಸುವವರಿಗೆ, 4223. 2008ರ ಪರಿಷ್ಕರಣೆಯಲ್ಲಿ ಈ ಗಂಟನ್ನು ಬಿಡಿಸಿದರು. ಕಾಲ್ ಸೆಂಟರಿನ ಮಾಹಿತಿ ಗುಮಾಸ್ತರು 4222, ಸ್ವಿಚ್‌ಬೋರ್ಡಿನವರು 4223, ಹೋಟೆಲ್ ರಿಸೆಪ್ಷನಿಸ್ಟರು 4224, ವಿಚಾರಣೆ ಗುಮಾಸ್ತರು 4225, ಸಾಮಾನ್ಯ ರಿಸೆಪ್ಷನಿಸ್ಟರು 4226 ಆದರು. 4222 ಎಂಬ ಸಂಖ್ಯೆಗೆ ಹಳೆಯ ಪಟ್ಟಿಯಲ್ಲಿ ಒಂದು ಅರ್ಥ, ಹೊಸ ಪಟ್ಟಿಯಲ್ಲಿ ಇನ್ನೊಂದು ಎಂಬುದನ್ನು ಗಮನಿಸಿ. ಸಂಖ್ಯೆ ಒಂದೇ ಇದೆಯಲ್ಲ ಎಂದು ಹಳೆಯ ಕೋಷ್ಟಕದ ಪಕ್ಕಕ್ಕೆ ಹೊಸದನ್ನಿಟ್ಟು ಹೋಲಿಸಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ.

ಇನ್ನೊಂದು ತೊಡಕೂ ಇದೆ. ಸಣ್ಣ ಪ್ರದೇಶಕ್ಕೆ ಬಂದಾಗ ಸಮೀಕ್ಷೆಗೆ ಸಿಕ್ಕ ಜನರ ಸಂಖ್ಯೆ ಕಡಿಮೆ ಇರುತ್ತದೆ, ಹಾಗಾಗಿ ವರದಿಗಳು ನಾಲ್ಕು ಅಂಕಿಯ ವಿವರ ಬಿಟ್ಟು 422 ಎಂಬ ದೊಡ್ಡ ಗುಂಪಿನಲ್ಲೇ ನಿಂತುಬಿಡುವುದುಂಟು. ಆ ಗುಂಪಿನಲ್ಲಿ ಪ್ರವಾಸ ಗುಮಾಸ್ತರಿಂದ ಹಿಡಿದು ಸಮೀಕ್ಷೆ ಮಾಡುವವರವರೆಗೆ ಎಲ್ಲರೂ ಇರುತ್ತಾರೆ. ಒಂದು ಪ್ರದೇಶದ ಆಸ್ಪತ್ರೆಗಳಲ್ಲಿ 40 ರಿಸೆಪ್ಷನ್ ಹುದ್ದೆ ಹೊಸದಾಗಿ ಬಂದು, ಕಚೇರಿಗಳ ಟೆಲಿಫೋನ್ ವಿಭಾಗದಲ್ಲಿ 40 ಹುದ್ದೆ ಹೋಯಿತು ಅಂದುಕೊಳ್ಳಿ. ವರದಿಯಲ್ಲಿ ಆ ಗುಂಪಿನ ಮುಂದೆ 'ಬದಲಾವಣೆ ಇಲ್ಲ' ಎಂದಿರುತ್ತದೆ. ನೆಲದ ಮೇಲೆ 80 ಕುಟುಂಬಗಳ ಬದುಕು ಬದಲಾಗಿರುತ್ತದೆ.

ಫೋನಿನ ಕೆಲಸ ಹೀಗೆ ಜಾಗ ಬದಲಿಸುವುದು ನಿನ್ನೆ ಮೊನ್ನೆಯದಲ್ಲ. 1878ರ ಜನವರಿಯಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ಮೊದಲ ವಾಣಿಜ್ಯ ಟೆಲಿಫೋನ್ ಎಕ್ಸ್‌ಚೇಂಜ್ ಶುರುವಾಯಿತು. ಅದೇ ವರ್ಷ ಸೆಪ್ಟೆಂಬರ್ 1ರಂದು ಬಾಸ್ಟನ್‌ನಲ್ಲಿ ಎಮಾ ನಟ್ ಕೆಲಸಕ್ಕೆ ಸೇರಿ ಮೊದಲ ಮಹಿಳಾ ಟೆಲಿಫೋನ್ ಆಪರೇಟರ್ ಆದರು. 1892ರಲ್ಲಿ ಇಂಡಿಯಾನಾದ ಲಾ ಪೋರ್ಟ್‌ನಲ್ಲಿ ಆಲ್ಮನ್ ಸ್ಟ್ರೌಜರ್ ಅವರ ಸ್ವಯಂಚಾಲಿತ ಎಕ್ಸ್‌ಚೇಂಜ್ ಕೆಲಸ ಆರಂಭಿಸಿತು. ಕೆಲಸ ಹುಟ್ಟಿದ 14 ವರ್ಷಕ್ಕೆ ಅದನ್ನು ಕಸಿಯುವ ಯಂತ್ರವೂ ಬಂದಿತ್ತು. ಆದರೂ ಮೇಯ್ನ್ ರಾಜ್ಯದ ಬ್ರಯಂಟ್ ಪಾಂಡ್ ಎಂಬ ಪುಟ್ಟ ಊರಿನಲ್ಲಿ ಕೈಹಿಡಿಕೆ ತಿರುಗಿಸಿ ಆಪರೇಟರನ್ನು ಕರೆಯುವ ಫೋನು 1983ರವರೆಗೂ ನಡೆದಿತ್ತು. ಯಂತ್ರ ಬಂದ ವರ್ಷಕ್ಕೂ ಅದು ಆ ಊರು ಮುಟ್ಟಿದ ವರ್ಷಕ್ಕೂ ನಡುವೆ 91 ವರ್ಷ.

ಇಷ್ಟು ಅಂತರ ಬರಲು ಕಾರಣ ಸರಳ. ಯಂತ್ರಕ್ಕೆ ಹಾಕಿದ ಹಣ ಮರಳಿ ಬರಬೇಕಾದರೆ ದಿನಕ್ಕೆ ಇಂತಿಷ್ಟು ಕರೆ ಬರಬೇಕು. ಕರೆ ಕಡಿಮೆ ಇರುವಲ್ಲಿ ಮನುಷ್ಯರೇ ಅಗ್ಗ. ಹಾಗಾಗಿ 'ಹೊಸ ತಂತ್ರಜ್ಞಾನ ಬಂತಂತೆ' ಎಂಬ ಸುದ್ದಿ ಕೇಳಿದಾಗ ನೀವು ಕೇಳಬೇಕಾದದ್ದು, ನಮ್ಮ ಭಾಗದ ಕಚೇರಿಗಳಿಗೆ ಅದು ಲಾಭ ತರುವಷ್ಟು ಕರೆ ಬರುತ್ತದೆಯೇ ಎಂದು. ಈಗ ಒಂದು ವ್ಯತ್ಯಾಸವಿದೆ. ಆಗ ಎಕ್ಸ್‌ಚೇಂಜ್ ಬದಲಿಸಲು ಊರೂರಿಗೆ ಉಪಕರಣ ಸಾಗಿಸಬೇಕಿತ್ತು. ಈಗಿನ ಫೋನ್ ವ್ಯವಸ್ಥೆ ತಿಂಗಳ ಬಾಡಿಗೆಗೆ ಸಿಗುತ್ತದೆ, ಅದಕ್ಕೆ ಬೇಕಾದ ಕನಿಷ್ಠ ಕರೆಗಳ ಮಿತಿ ತುಂಬ ಕೆಳಗೆ ಇಳಿದಿದೆ. ಸಣ್ಣ ಊರಿಗೆ ಸಿಗುತ್ತಿದ್ದ ಹೆಚ್ಚುವರಿ ವರ್ಷಗಳೂ ಅಷ್ಟರಮಟ್ಟಿಗೆ ಕಡಿಮೆಯಾಗಿವೆ.

ಫೋನಿನ ಕೆಲಸವನ್ನು ಒಂದೇ ಕಡೆ ಸೇರಿಸಲು ಮಾಲೀಕರು ಯಾಕೆ ಹಾತೊರೆಯುತ್ತಾರೆ? ಎಲ್ಲ ಕಡೆಯೂ ಸಂಬಳ ಒಂದೇ ಇದ್ದರೂ ಅವರಿಗೆ ಇದರಲ್ಲಿ ಉಳಿತಾಯವಿದೆ. ಇದನ್ನು ಲೆಕ್ಕ ಹಾಕಿ ತೋರಿಸುತ್ತೇವೆ, ಏಕೆಂದರೆ ಈ ಕ್ಷೇತ್ರದಲ್ಲಿ ಇಷ್ಟು ಮುಖ್ಯವಾದ ಲೆಕ್ಕ ಇನ್ನೊಂದಿಲ್ಲ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಆಗ್ನರ್ ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರಗಳನ್ನೇ ಇವತ್ತಿಗೂ ಕಾಲ್ ಸೆಂಟರುಗಳು ಬಳಸುತ್ತವೆ. ಅವರ ಹೆಸರಿನಲ್ಲೇ ಅಳತೆಯೂ ಇದೆ: ಒಂದು ಗಂಟೆಯಲ್ಲಿ 60 ನಿಮಿಷದ ಮಾತುಕತೆ ಬಂದರೆ ಅದು 1 ಎರ್ಲಾಂಗ್.

ಒಂದು ಊರಿನ ಶಾಖೆಗೆ ಗಂಟೆಗೆ 40 ಕರೆ, ಪ್ರತಿ ಕರೆಗೆ ಸರಾಸರಿ 3 ನಿಮಿಷ. ಒಟ್ಟು 120 ನಿಮಿಷ, ಅಂದರೆ 2 ಎರ್ಲಾಂಗ್. ಇಬ್ಬರು ಸಾಕಲ್ಲವೇ ಅನಿಸುತ್ತದೆ. ಸಾಲುವುದಿಲ್ಲ. ಕರೆಗಳು ಸಾಲಾಗಿ ಒಂದಾದ ಮೇಲೊಂದು ಬರುವುದಿಲ್ಲ. ಐದು ನಿಮಿಷ ಸುಮ್ಮನಿದ್ದು ಆಮೇಲೆ ನಾಲ್ಕು ಒಟ್ಟಿಗೆ ಬರುತ್ತವೆ. ಇಬ್ಬರನ್ನೇ ಇಟ್ಟರೆ ಸಾಲು ಬೆಳೆಯುತ್ತಲೇ ಹೋಗುತ್ತದೆ. ಮೂವರಿದ್ದರೆ ಸರಾಸರಿ ಕಾಯುವಿಕೆ 80 ಸೆಕೆಂಡ್. ನಾಲ್ವರಿದ್ದರೆ ಸುಮಾರು 16 ಸೆಕೆಂಡ್. ಆದ್ದರಿಂದ ಒಳ್ಳೆಯ ಸೇವೆ ಕೊಡಬೇಕೆನ್ನುವ ಶಾಖೆ ನಾಲ್ವರನ್ನು ಇಡುತ್ತದೆ. ಇಂಥ ಐದು ಊರುಗಳಿದ್ದರೆ 20 ಜನ.

ಈಗ ಐದೂ ಊರಿನ ಕರೆಗಳನ್ನು ಒಂದೇ ಕಡೆಗೆ ತಿರುಗಿಸಿ. ಒಟ್ಟು 10 ಎರ್ಲಾಂಗ್. ಸೂತ್ರಕ್ಕೆ ಹಾಕಿದರೆ 13 ಜನರಿದ್ದರೂ ಸರಾಸರಿ ಕಾಯುವಿಕೆ 17 ಸೆಕೆಂಡ್ ಮಾತ್ರ. ಕರೆ ಮಾಡಿದವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಆದರೆ 7 ಹುದ್ದೆ ಹೋಗಿರುತ್ತದೆ. ಒಂದು ಊರಿನ ಬಿಡುವು ಇನ್ನೊಂದು ಊರಿನ ಒತ್ತಡಕ್ಕೆ ಒದಗುತ್ತದೆ, ಅಷ್ಟೇ ಇದರ ಗುಟ್ಟು. ಯಾರೂ ಹೆಚ್ಚು ಚುರುಕಾಗಿ ಕೆಲಸ ಮಾಡಿದ್ದರಿಂದ ಉಳಿತಾಯವಾದದ್ದಲ್ಲ. ಉಳಿದ 13 ಹುದ್ದೆಗಳೂ ಐದು ಊರಿಗೆ ಹಂಚಿಹೋಗುವುದಿಲ್ಲ, ಒಂದೇ ಊರಿಗೆ ಹೋಗುತ್ತವೆ. ನಾಲ್ಕು ಊರಿನಲ್ಲಿ ಈ ಕೆಲಸ ಪೂರ್ತಿ ಇಲ್ಲವಾಗುತ್ತದೆ, ಒಂದು ಊರಿನಲ್ಲಿ 4 ಇದ್ದದ್ದು 13 ಆಗುತ್ತದೆ. ಪ್ರಾದೇಶಿಕ ಅವಕಾಶ ಎಂಬ ಮಾತಿನ ಸುಖವೂ ದುಃಖವೂ ಈ ಲೆಕ್ಕದಲ್ಲಿದೆ.

ಕೆಲಸ ಹೊರಡುವ ಕ್ರಮ ಬಹುತೇಕ ಕಡೆ ಒಂದೇ ಥರ. ಮೊದಲು ರಾತ್ರಿ ಮತ್ತು ರಜಾದಿನದ ಕರೆಗಳು ಬೇರೆ ಕಡೆಗೆ ಹೋಗುತ್ತವೆ. ಆಮೇಲೆ, ಲೈನ್ ಬಿಡುವಿಲ್ಲದಾಗ ಉಕ್ಕಿಬಂದ ಕರೆಗಳು. ಮೂರನೆಯದಾಗಿ ಮುಖ್ಯ ಸಂಖ್ಯೆಯೇ ಬದಲಾಗಿ ಎಲ್ಲ ಶಾಖೆಗಳಿಗೂ ಒಂದೇ ಸಂಖ್ಯೆ ಬರುತ್ತದೆ. ಕೊನೆಗೆ ಶಾಖೆಯ ನೇರ ಎಕ್ಸ್‌ಟೆನ್ಷನ್‌ಗಳ ಪಟ್ಟಿ ಮಾಯವಾಗುತ್ತದೆ. ನೀವು ಅರ್ಜಿ ಹಾಕಬೇಕೆಂದಿರುವ ಸಂಸ್ಥೆ ಯಾವ ಹಂತದಲ್ಲಿದೆ ಎಂದು ತಿಳಿಯಲು ಯಾವ ವರದಿಯೂ ಬೇಡ. ಬೆಳಿಗ್ಗೆ ಹತ್ತೂವರೆಗೆ ಒಮ್ಮೆ, ಸಂಜೆ ಏಳಕ್ಕೆ ಒಮ್ಮೆ ಅವರ ಸಂಖ್ಯೆಗೆ ಫೋನ್ ಮಾಡಿ. ಎತ್ತಿದವರನ್ನು 'ತಾವು ಯಾವ ಊರಿನಿಂದ ಮಾತಾಡುತ್ತಿದ್ದೀರಿ?' ಎಂದು ವಿನಯದಿಂದ ಕೇಳಿ. ಬೆಳಿಗ್ಗೆ ಈ ಊರು, ಸಂಜೆ ಬೇರೆ ಊರು ಎಂದಾದರೆ ಮೊದಲ ಹಂತ ಮುಗಿದಿದೆ. ಎರಡು ಹೊತ್ತೂ ಬೇರೆ ಊರೇ ಆದರೆ ಅಲ್ಲಿ ನಿಮಗೆ ಉಳಿದಿರುವುದು ಮೇಜಿನ ಕೆಲಸ ಮಾತ್ರ.

ಕರೆಗಳು ದೂರ ಹೋಗದಂತೆ ಹಿಡಿದಿಡುವ ಬೇಲಿಗಳಲ್ಲಿ ಗಟ್ಟಿಯಾದದ್ದು ಭಾಷೆ. ಹಲವು ದೇಶಗಳಲ್ಲಿ ಆಡುವ ದೊಡ್ಡ ಭಾಷೆಯ ಕರೆಯನ್ನು ಯಾವ ಖಂಡದಲ್ಲಾದರೂ ಎತ್ತಬಹುದು. ಒಂದು ಪ್ರದೇಶದಲ್ಲಿ ಮಾತ್ರ ಆಡುವ ಭಾಷೆಯ ಕರೆ ಆ ಪ್ರದೇಶದ ಆಚೆ ಹೋಗುವುದು ಕಷ್ಟ, ಏಕೆಂದರೆ ಅದನ್ನು ಸಲೀಸಾಗಿ ಮಾತಾಡುವವರು ಅಲ್ಲೇ ಇರುತ್ತಾರೆ. ಅದರಲ್ಲೂ ವಯಸ್ಸಾದವರು, ನೋವಿನಲ್ಲಿರುವವರು, ಹಣ ಕಳೆದುಕೊಂಡು ಗಾಬರಿಯಾದವರು ತಮ್ಮ ಆಡುಮಾತಿಗೇ ಇಳಿಯುತ್ತಾರೆ. ಆ ಆಡುಮಾತು ಅರ್ಥವಾಗುವವರಿಗೆ ಬೆಲೆ ಇದೆ, ಮತ್ತು ಆ ಬೆಲೆಯನ್ನು ಅರ್ಜಿಯಲ್ಲಿ ಬರೆದು ಕೇಳಬೇಕು. 'ಎರಡು ಭಾಷೆ ಬರುತ್ತದೆ' ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ಭಾಷೆಯಲ್ಲಿ ವಿಳಾಸ, ಔಷಧದ ಹೆಸರು, ಬಿಲ್ಲಿನ ವಿವರ ಹೇಳಿ ಬರೆದುಕೊಳ್ಳಬಲ್ಲಿರಿ ಎಂದು ಬಿಡಿಸಿ ಬರೆಯಿರಿ.

ಮಾತಾಡುವ ಯಂತ್ರಗಳ ಬಗ್ಗೆ ಎಲ್ಲರಿಗೂ ಆತಂಕವಿದೆ. ಆ ಆತಂಕಕ್ಕೆ ಆಧಾರವಿದೆ, ಆದರೆ ಅದರ ಗಾತ್ರವನ್ನು ಸರಿಯಾಗಿ ಅಳೆಯಬೇಕು. ಒಂದು ಕಚೇರಿಗೆ 100 ಕರೆ ಬರುತ್ತದೆ ಎಂದುಕೊಳ್ಳೋಣ. ಅದರಲ್ಲಿ 60 ಸುಲಭದವು: ಎಷ್ಟು ಗಂಟೆಗೆ ತೆರೆಯುತ್ತೀರಿ, ನನ್ನ ಅಪಾಯಿಂಟ್‌ಮೆಂಟ್ ಯಾವಾಗ. ತಲಾ ಒಂದೂವರೆ ನಿಮಿಷ, ಒಟ್ಟು 90 ನಿಮಿಷ. ಉಳಿದ 40 ತೊಡಕಿನವು: ಹೆಸರು ತಪ್ಪಾಗಿದೆ, ಎರಡು ಸಲ ಹಣ ಕಡಿತವಾಗಿದೆ, ಬರಬೇಕಾದವರು ಬಂದಿಲ್ಲ. ತಲಾ 6 ನಿಮಿಷ, ಒಟ್ಟು 240 ನಿಮಿಷ. ಯಂತ್ರ ಆ 60 ಸುಲಭದ ಕರೆಗಳನ್ನೂ ಪೂರ್ತಿ ತೆಗೆದುಕೊಂಡಿತು ಎನ್ನಿ. ಕರೆಗಳು ನೂರಕ್ಕೆ 60 ಕಡಿಮೆಯಾದವು. ಕೆಲಸ? 330 ನಿಮಿಷದಲ್ಲಿ 90 ಹೋಯಿತು, ಅಂದರೆ ನೂರಕ್ಕೆ 27 ಮಾತ್ರ.

ಈ ಲೆಕ್ಕ ತಿಳಿಯದ ವ್ಯವಸ್ಥಾಪಕರು ನೂರಕ್ಕೆ 60ರಷ್ಟು ಸಿಬ್ಬಂದಿಯನ್ನು ತೆಗೆದುಬಿಡುತ್ತಾರೆ. ಮೂರನೇ ವಾರಕ್ಕೆ ಸಾಲು ಬೆಳೆಯುತ್ತದೆ, ದೂರು ಬರುತ್ತದೆ, ಆರು ತಿಂಗಳಲ್ಲಿ ಮತ್ತೆ ಜಾಹೀರಾತು ಕೊಡುತ್ತಾರೆ. ಆಗ ತೆಗೆದುಕೊಳ್ಳುವುದು ಬೇರೆ ಬಗೆಯ ಜನರನ್ನು. ಮೊದಲು ಒಂದು ಕರೆಗೆ ಸರಾಸರಿ 3.3 ನಿಮಿಷ ಇದ್ದದ್ದು ಈಗ 6 ನಿಮಿಷ. ದಿನವಿಡೀ ತೊಡಕಿನ ಕರೆಗಳೇ. ನಡುನಡುವೆ ಬರುತ್ತಿದ್ದ ಸುಲಭದ ಕರೆಗಳು ಉಸಿರಾಡಲು ಬಿಡುವು ಕೊಡುತ್ತಿದ್ದವು, ಆ ಬಿಡುವೂ ಹೋಯಿತು. ಉಳಿದ ಕೆಲಸ ಮೊದಲಿನದಕ್ಕಿಂತ ಕಷ್ಟದ್ದು. ಸಂಬಳ ಮಾತ್ರ ಹಳೆಯದೇ ಇದ್ದರೆ ಅದು ಅನ್ಯಾಯ ಎಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

ಇನ್ನು ಮೇಜಿನ ಕಡೆಗೆ ಬರೋಣ.

ರಿಸೆಪ್ಷನ್ ಮೇಜನ್ನು ಜನರ ಲೆಕ್ಕದಲ್ಲಿ ನೋಡಬೇಡಿ, ಗಂಟೆಯ ಲೆಕ್ಕದಲ್ಲಿ ನೋಡಿ. ವಾರಕ್ಕೆ 168 ಗಂಟೆ. ಹಗಲು ರಾತ್ರಿ ತೆರೆದಿರುವ ಆಸ್ಪತ್ರೆಯ ಅಥವಾ ಹೋಟೆಲಿನ ಒಂದು ಕುರ್ಚಿಗೆ, ವಾರಕ್ಕೆ 48 ಗಂಟೆ ದುಡಿಯುವವರಾದರೆ ಮೂರೂವರೆ ಜನ ಬೇಕು. ರಜೆ, ಅನಾರೋಗ್ಯ, ತರಬೇತಿಗೆ ನೂರಕ್ಕೆ 15 ತೆಗೆದಿಟ್ಟರೆ ಅದು ನಾಲ್ಕಕ್ಕಿಂತ ತುಸು ಹೆಚ್ಚಾಗುತ್ತದೆ. ವಾರಕ್ಕೆ 40 ಗಂಟೆಯ ನಿಯಮ ಇರುವಲ್ಲಿ ಅದೇ ಕುರ್ಚಿಗೆ ಐವರು ಬೇಕು. ಸೋಮವಾರದಿಂದ ಶನಿವಾರದವರೆಗೆ ಒಂಬತ್ತರಿಂದ ಆರರ ತನಕ ತೆರೆಯುವ ಕಚೇರಿಯ ಕುರ್ಚಿಗೆ 54 ಗಂಟೆ. ಒಬ್ಬರು ಸಾಲದು, ಇನ್ನಷ್ಟು ಬೇಕು. ಈ 'ಇನ್ನಷ್ಟು' ಎಂಬುದನ್ನು ಹೆಚ್ಚಿನ ಕಚೇರಿಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದರ ಕಷ್ಟ ಯಾರಿಗೆ ತಟ್ಟುತ್ತದೆ ಎಂಬುದನ್ನು ಕೊನೆಗೆ ಹೇಳುತ್ತೇವೆ.

ಆದ್ದರಿಂದ ಒಂದು ಪ್ರದೇಶದಲ್ಲಿ ಹತ್ತು ಹೊಸ ಕಚೇರಿ ಬಂದರೆ ಸಿಗುವ ರಿಸೆಪ್ಷನ್ ಹುದ್ದೆಗಳಿಗಿಂತ ಮೂರು ಹೊಸ ಆಸ್ಪತ್ರೆ ಬಂದರೆ ಸಿಗುವ ಹುದ್ದೆಗಳು ಹೆಚ್ಚಿರಬಹುದು. ಆಸ್ಪತ್ರೆಯಲ್ಲಿ ಒಂದೇ ಕುರ್ಚಿ ಇರುವುದಿಲ್ಲ: ಹೊರರೋಗಿ ನೋಂದಣಿ, ತುರ್ತು ವಿಭಾಗ, ದಾಖಲಾತಿ, ಪ್ರಯೋಗಾಲಯದ ಕೌಂಟರ್ ಎಂದು ಬೇರೆ ಬೇರೆ. ವಯಸ್ಸಾದವರ ಪ್ರಮಾಣ ಏರುತ್ತಿರುವ ಪ್ರದೇಶಗಳಲ್ಲಿ ಈ ಕುರ್ಚಿಗಳು ಹೆಚ್ಚುತ್ತಲೇ ಇರುತ್ತವೆ. ಆನ್‌ಲೈನ್ ನೋಂದಣಿ ಬಂದ ಮೇಲೂ ಆಸ್ಪತ್ರೆಯ ಮೇಜು ಹೆಚ್ಚು ಖಾಲಿಯಾಗದಿರಲು ಕಾರಣವಿದೆ. ಅಲ್ಲಿಗೆ ಬರುವವರಲ್ಲಿ ಹಲವರು ಸ್ವತಃ ಫಾರ್ಮ್ ತುಂಬುವ ಸ್ಥಿತಿಯಲ್ಲಿರುವುದಿಲ್ಲ, ವಿಮೆಯ ಕಾಗದ ಸರಿಯಿಲ್ಲದಿದ್ದರೆ ಯಾರಾದರೂ ಕೂತು ಬಿಡಿಸಲೇಬೇಕು.

ಪ್ರವಾಸಿ ಪ್ರದೇಶದ ಕಥೆ ಬೇರೆ. ಅಲ್ಲಿ ಹುದ್ದೆಗಳು ಋತುವಿನ ಜೊತೆ ಏರಿಳಿಯುತ್ತವೆ. ಜನ ಸೇರುವ ತಿಂಗಳುಗಳಿಗೆ ಎರಡು ಮೂರು ತಿಂಗಳು ಮುಂಚೆ ನೇಮಕ ನಡೆಯುತ್ತದೆ. ಜನ ಬಂದ ಮೇಲೆ ಅರ್ಜಿ ಹಾಕಿದವರಿಗೆ ಉಳಿಯುವುದು ರಾತ್ರಿಪಾಳಿ. ದೊಡ್ಡ ಹೋಟೆಲುಗಳಲ್ಲಿ ಅತಿಥಿಗಳು ಮೊಬೈಲಿನಲ್ಲೇ ಕೊಠಡಿ ತೆರೆದುಕೊಳ್ಳುವ ವ್ಯವಸ್ಥೆ ಬಂದಿದೆ. ಇದರಿಂದ ಹಗಲಿನ ಪಾಳಿಯಲ್ಲಿ ಮೂವರಿದ್ದಲ್ಲಿ ಇಬ್ಬರಾಗಬಹುದು. ರಾತ್ರಿ ಮಾತ್ರ ಒಬ್ಬರಾದರೂ ಇರಲೇಬೇಕು, ಏಕೆಂದರೆ ಬೆಂಕಿ, ಅನಾರೋಗ್ಯ, ಜಗಳ ಯಾವುದಕ್ಕೂ ಮೊಬೈಲ್ ಓಡಿ ಬರುವುದಿಲ್ಲ.

ಮಹಾನಗರದ ಕಾರ್ಪೊರೇಟ್ ಕಟ್ಟಡಗಳಲ್ಲಿ ಹುದ್ದೆ ಇದೆ, ಆದರೆ ಮಾಲೀಕರು ಬೇರೆ. ಮೇಜಿನ ಹಿಂದೆ ಕೂತವರು ಆ ಕಂಪನಿಯ ನೌಕರರಾಗಿರದೆ ಕಟ್ಟಡ ನಿರ್ವಹಣೆಯ ಗುತ್ತಿಗೆದಾರರ ಕಡೆಯವರಾಗಿರುವುದು ಸಾಮಾನ್ಯ. ಗುತ್ತಿಗೆ ಬದಲಾದಾಗ ಸೇವೆಯ ವರ್ಷಗಳು ಮತ್ತೆ ಸೊನ್ನೆಯಿಂದ ಶುರುವಾಗುವ ಅಪಾಯವಿದೆ. ಸೇರುವ ಮುಂಚೆ ನೇಮಕ ಪತ್ರದಲ್ಲಿ ಯಾರ ಹೆಸರಿದೆ ಎಂದು ನೋಡಿಕೊಳ್ಳಿ. ಕೈಗಾರಿಕಾ ಪಟ್ಟಣಗಳಲ್ಲಿ ಗೇಟಿನ ಭದ್ರತಾ ಸಿಬ್ಬಂದಿಯೇ ಸಂದರ್ಶಕರ ಪುಸ್ತಕ ಬರೆದು ಫೋನೂ ಎತ್ತುತ್ತಾರೆ, ಪ್ರತ್ಯೇಕ ಹುದ್ದೆ ಕಡಿಮೆ.

ಗ್ರಾಮೀಣ ಭಾಗದಲ್ಲಿ ರಿಸೆಪ್ಷನಿಸ್ಟ್ ಎಂಬ ಹೆಸರೇ ಕಾಣದಿರಬಹುದು. ಕೆಲಸ ಮಾತ್ರ ಇರುತ್ತದೆ. ಚಿಕಿತ್ಸಾಲಯದಲ್ಲಿ ಚೀಟಿ ಬರೆಯುವವರು, ಶಾಲೆಯಲ್ಲಿ ಶುಲ್ಕ ತೆಗೆದುಕೊಂಡು ಪೋಷಕರ ಫೋನಿಗೆ ಉತ್ತರಿಸುವವರು, ವಕೀಲರ ಕಚೇರಿಯಲ್ಲಿ ತಾರೀಖು ನೆನಪಿಟ್ಟು ಕಕ್ಷಿದಾರರನ್ನು ಕೂರಿಸುವವರು, ಎಲ್ಲರೂ ಇದೇ ಕೆಲಸ ಮಾಡುತ್ತಿರುತ್ತಾರೆ. ನಮ್ಮ ದೃಷ್ಟಿಯಲ್ಲಿ ಸಣ್ಣ ಪ್ರದೇಶಗಳಲ್ಲಿ ಅತಿ ಭದ್ರವಾದ ಹುದ್ದೆ ಇದೇ: ಮೇಜು, ಫೋನು, ಬಿಲ್ಲು ಮೂರನ್ನೂ ಒಬ್ಬರೇ ನೋಡುವುದು. ಫೋನೊಂದನ್ನೇ ಬೇರೆ ಊರಿಗೆ ಕಳಿಸಿದರೂ ಉಳಿದೆರಡಕ್ಕೆ ಒಬ್ಬರು ಬೇಕೇ ಬೇಕು, ಹಾಗಿರುವಾಗ ಕಳಿಸಿ ಉಳಿಯುವುದೇನೂ ಇಲ್ಲ.

ನಿಮ್ಮ ಪ್ರದೇಶದಲ್ಲಿ ಈ ಕೆಲಸ ಎಷ್ಟು ದಟ್ಟವಾಗಿದೆ ಎಂದು ಅಳೆಯಲು ಸುಲಭದ ಒಂದು ಲೆಕ್ಕವಿದೆ. ಪ್ರದೇಶದಲ್ಲಿ 80,000 ಜನ ದುಡಿಯುತ್ತಿದ್ದು ಅವರಲ್ಲಿ 640 ಮಂದಿ ರಿಸೆಪ್ಷನಿಸ್ಟರಾದರೆ ಅದು ನೂರಕ್ಕೆ 0.8. ಇಡೀ ದೇಶದ ಸರಾಸರಿ ನೂರಕ್ಕೆ 0.5 ಎನ್ನಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.6. ಒಂದಕ್ಕಿಂತ ಹೆಚ್ಚಿದ್ದರೆ ದೇಶದ ಸರಾಸರಿಗಿಂತ ದಟ್ಟ, ಕಡಿಮೆಯಿದ್ದರೆ ವಿರಳ. ಆದರೆ 1.6 ಬಂದ ಕೂಡಲೇ ಸಂತೋಷಪಡಬೇಡಿ. ಆ 640ರಲ್ಲಿ 300 ಮಂದಿ ಒಂದೇ ಸಂಸ್ಥೆಯಲ್ಲಿದ್ದರೆ, ಆ ಸಂಸ್ಥೆ ತನ್ನ ವಿಚಾರಣೆ ಕೇಂದ್ರವನ್ನು ಸಾಗಿಸಿದ ವರ್ಷ ಊರಿನ ಲೆಕ್ಕ ಬುಡಮೇಲಾಗುತ್ತದೆ. 0.6 ಬಂದರೆ ಹತಾಶೆಯೂ ಬೇಡ. ಮೇಲೆ ಹೇಳಿದಂತೆ ಕೆಲಸ ಬೇರೆ ಹೆಸರಿನಲ್ಲಿ ಅಡಗಿರಬಹುದು.

ಮುನ್ಸೂಚನೆಯ ವರದಿಗಳಲ್ಲಿ 'ಬೆಳವಣಿಗೆ' ಎಂಬ ಅಂಕಿಯನ್ನೇ ಎಲ್ಲರೂ ನೋಡುತ್ತಾರೆ. ಕೆಲಸ ಹುಡುಕುವವರು ನೋಡಬೇಕಾದದ್ದು ಖಾಲಿಯಾಗುವ ಹುದ್ದೆಗಳನ್ನು. ಎರಡು ಪ್ರದೇಶಗಳಲ್ಲಿ ತಲಾ 1,000 ಹುದ್ದೆಗಳಿವೆ ಎನ್ನಿ. ಮೊದಲನೆಯದರಲ್ಲಿ ವರ್ಷಕ್ಕೆ ನೂರಕ್ಕೆ 2 ಬೆಳವಣಿಗೆ, ನಿವೃತ್ತಿ ಮತ್ತಿತರ ಕಾರಣಕ್ಕೆ ಬಿಡುವವರು ನೂರಕ್ಕೆ 4. ಹೊಸಬರಿಗೆ ಸಿಗುವುದು 60 ಜಾಗ. ಎರಡನೆಯದರಲ್ಲಿ ಹುದ್ದೆಗಳು ವರ್ಷಕ್ಕೆ ನೂರಕ್ಕೆ 1 ಕುಗ್ಗುತ್ತಿವೆ, ಆದರೆ ಬಿಡುವವರು ನೂರಕ್ಕೆ 12. ಸಿಗುವುದು 110 ಜಾಗ. ಕುಗ್ಗುತ್ತಿರುವ ಕಡೆಯೇ ಬಾಗಿಲು ಹೆಚ್ಚು ತೆರೆದಿದೆ. ಯುವಜನರು ಕಾಲಿಡುವ ಮೊದಲ ಕೆಲಸವಾದ್ದರಿಂದ ರಿಸೆಪ್ಷನ್‌ನಲ್ಲಿ ಬಿಟ್ಟುಹೋಗುವವರ ಪ್ರಮಾಣ ಮೊದಲಿನಿಂದಲೂ ಹೆಚ್ಚು.

ಬಿಟ್ಟುಹೋಗಲು ಕಾರಣವೇನು ಎಂಬುದನ್ನೂ ನೋಡಬೇಕು. ಒಳ್ಳೆಯ ಕೆಲಸ ಸಿಕ್ಕಿ ಹೋಗುತ್ತಾರೆಯೇ, ತಡೆಯಲಾಗದೆ ಹೋಗುತ್ತಾರೆಯೇ? ಮೂರು ತಿಂಗಳು ಜಾಹೀರಾತುಗಳನ್ನು ಬರೆದಿಟ್ಟುಕೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಸಂಸ್ಥೆ, ಹುದ್ದೆಯ ಹೆಸರು, ಪಾಳಿ, ಸಂಬಳ, ಭಾಷೆ ಎಂದು ಆರು ಕಾಲಂ ಸಾಕು. ರಿಸೆಪ್ಷನಿಸ್ಟ್ ಎಂದಷ್ಟೇ ಹುಡುಕಿದರೆ ಅರ್ಧವೂ ಸಿಗುವುದಿಲ್ಲ. ಫ್ರಂಟ್ ಆಫೀಸ್, ಗೆಸ್ಟ್ ರಿಲೇಷನ್ಸ್, ಪೇಷೆಂಟ್ ಕೋಆರ್ಡಿನೇಟರ್, ಅಡ್ಮಿನ್ ಅಸಿಸ್ಟೆಂಟ್, ಕಸ್ಟಮರ್ ಸಪೋರ್ಟ್ ಎಂದೂ ಹುಡುಕಿ. ಒಂದೇ ಹುದ್ದೆಯನ್ನು ಮೂರು ಏಜೆನ್ಸಿಗಳು ಮೂರು ಕಡೆ ಹಾಕಿರುತ್ತವೆ, ವಿಳಾಸ ಮತ್ತು ಪಾಳಿ ಹೊಂದಿಸಿ ನೋಡಿ ಒಂದನ್ನೇ ಎಣಿಸಿ. ಅದೇ ಸಂಸ್ಥೆ ಅದೇ ಹುದ್ದೆಗೆ ಮೂರು ತಿಂಗಳಲ್ಲಿ ಎರಡು ಸಲ ಜಾಹೀರಾತು ಕೊಟ್ಟಿದ್ದರೆ ಅದು ಬೆಳವಣಿಗೆಯಲ್ಲ. ಅಲ್ಲಿ ಕೂತವರು ನಿಲ್ಲುತ್ತಿಲ್ಲ.

ನೇಮಕದಲ್ಲಿ ಏನನ್ನು ಪರೀಕ್ಷಿಸುತ್ತಾರೆ ಎಂದು ತರಬೇತಿ ಕೇಂದ್ರದವರು ಮುಂಚಿತವಾಗಿ ಬರೆದು ಕೇಳಿದ್ದರು. ನಗುಮುಖ, ಅಚ್ಚುಕಟ್ಟಾದ ಉಡುಗೆ ಎಂಬ ಪಾಠಕ್ಕೆ ಬೇಕಾದಷ್ಟು ಸಮಯ ಕೊಡುತ್ತೀರಿ. ಕರೆ ವರ್ಗಾಯಿಸುವ ಪಾಠಕ್ಕೆ ಹತ್ತು ನಿಮಿಷವನ್ನೂ ಕೊಡುವುದಿಲ್ಲ. ಅಲ್ಲೇ ಹೆಚ್ಚಿನವರು ತಪ್ಪುವುದು, ಆದ್ದರಿಂದ ಇದನ್ನು ಹತ್ತಿರದಿಂದ ನೋಡೋಣ.

ಲೆಕ್ಕಪತ್ರ ವಿಭಾಗ ಬೇಕೆಂದು ಒಬ್ಬರು ಫೋನ್ ಮಾಡಿದ್ದಾರೆ. ಹೊಸಬರು ಟ್ರಾನ್ಸ್‌ಫರ್ ಗುಂಡಿ ಒತ್ತಿ, ಎಕ್ಸ್‌ಟೆನ್ಷನ್ ಒತ್ತಿ, ಫೋನ್ ಇಟ್ಟುಬಿಡುತ್ತಾರೆ. ಆ ಕಡೆ ಯಾರೂ ಇಲ್ಲ. ಕರೆ ರಿಂಗಾಗಿ ರಿಂಗಾಗಿ ಕಟ್ಟಾಗುತ್ತದೆ, ಇಲ್ಲವೇ ತಿರುಗಿ ಮೇಜಿಗೇ ಬರುತ್ತದೆ. ಈ ಸಲ ಕರೆ ಮಾಡಿದವರಿಗೆ ಸಿಟ್ಟು ಬಂದಿರುತ್ತದೆ, ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಗುತ್ತದೆ. ಸರಿಯಾದ ಕ್ರಮ ಹೀಗೆ. ಮೊದಲು ಹೆಸರು, ಫೋನ್ ಸಂಖ್ಯೆ, ವಿಷಯ ಮೂರನ್ನೂ ಬರೆದುಕೊಳ್ಳಿ, ಲೈನ್ ಕಟ್ಟಾದರೂ ನೀವೇ ಫೋನ್ ಮಾಡಬಹುದು. 'ಒಂದು ನಿಮಿಷ ಲೈನಿನಲ್ಲಿರಿ, ಅವರನ್ನು ವಿಚಾರಿಸಿ ಕೊಡುತ್ತೇನೆ' ಎಂದು ಹೇಳಿ ಹೋಲ್ಡ್‌ಗೆ ಹಾಕಿ. ಒಳಗಿನವರಿಗೆ ಕರೆ ಮಾಡಿ, ಯಾರು, ಏನು ವಿಷಯ ಎಂದು ಒಂದೇ ವಾಕ್ಯದಲ್ಲಿ ಹೇಳಿ. ಅವರು ಒಪ್ಪಿದ ಮೇಲೆ ಮಾತ್ರ ಜೋಡಿಸಿ. ಹೋಲ್ಡ್ 30 ಸೆಕೆಂಡ್ ದಾಟಿದರೆ ಮರಳಿ ಬಂದು, ಕಾಯುತ್ತೀರೋ ನಾವೇ ಫೋನ್ ಮಾಡಬೇಕೋ ಎಂದು ಕೇಳಿ.

ಸಂದೇಶದ ಚೀಟಿಯಲ್ಲಿ ತಪ್ಪಾಗುವುದು ಬಹುಪಾಲು ಸಂಖ್ಯೆಯಲ್ಲಿ. ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾಗುತ್ತವೆ. ಹತ್ತು ಅಂಕಿಯನ್ನು ಒಂದೇ ಉಸಿರಿಗೆ ಓದಿ ಹೇಳಿದರೆ ಆ ಕಡೆಯವರು ಗಮನಿಸದೆ 'ಹೂಂ' ಎಂದುಬಿಡುತ್ತಾರೆ. ಮೂರು, ಮೂರು, ನಾಲ್ಕು ಎಂದು ಗುಂಪು ಮಾಡಿ, ಪ್ರತಿ ಗುಂಪಿನ ನಂತರ ನಿಲ್ಲಿಸಿ ಓದಿ ಹೇಳಿ. ತಪ್ಪಿದ್ದರೆ ಅವರೇ ತಡೆಯುತ್ತಾರೆ. ಕರೆ ಬಂದ ಸಮಯ ಮತ್ತು ಯಾವಾಗ ತಿರುಗಿ ಫೋನ್ ಮಾಡುತ್ತೇವೆಂದು ಒಪ್ಪಿಕೊಂಡಿರಿ ಎಂಬುದು ಚೀಟಿಯಲ್ಲಿ ಇರಲೇಬೇಕು. ಇನ್ನೊಂದು ಮಾತು: ಆಸ್ಪತ್ರೆಯ ಮೇಜಿನಲ್ಲಿ 'ಇಂಥವರು ನಿಮ್ಮಲ್ಲಿ ದಾಖಲಾಗಿದ್ದಾರೆಯೇ?' ಎಂದು ಫೋನ್ ಬಂದರೆ, ಇದ್ದಾರೆ ಎಂದೂ ಇಲ್ಲ ಎಂದೂ ಅಲ್ಲಿಗಲ್ಲೇ ಹೇಳಬಾರದು. ಆ ಒಂದು 'ಇದ್ದಾರೆ' ಎಂಬುದೇ ರೋಗಿಯ ಗೋಪ್ಯ ಮಾಹಿತಿ. ಸಂಸ್ಥೆಯ ನಿಯಮ ಏನಿದೆಯೋ ಅದರಂತೆ ಮೇಲಿನವರನ್ನು ಕೇಳಿ ಉತ್ತರಿಸಬೇಕು.

ಕೊನೆಗೆ ಸಭಿಕರಿಂದ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇವೆ.

ಕಾಲ್ ಸೆಂಟರ್ ನಮ್ಮ ಊರಿಗೇ ಬರುತ್ತಿದೆ, ಸೇರಬಹುದೇ ಎಂದು ಒಬ್ಬರು ಕೇಳಿದರು. ಸೇರಬಹುದು. ಐದು ಊರಿನ ಕೆಲಸ ಒಂದು ಊರಿಗೆ ಬರುತ್ತದೆ ಎಂದೆವಲ್ಲ, ಆ ಒಂದು ಊರು ನಿಮ್ಮದಾಗಿರುವುದು ಅದೃಷ್ಟ. ಆದರೆ ಬಂದ ಕೆಲಸ ಹೋಗಲೂಬಹುದು. ಮೊದಲ ಎರಡು ವರ್ಷದೊಳಗೆ ಪಾಳಿ ಯೋಜನೆ, ಗುಣಮಟ್ಟ ಪರಿಶೀಲನೆ, ತರಬೇತಿ ಇವುಗಳಲ್ಲಿ ಒಂದನ್ನು ಕಲಿತುಕೊಳ್ಳಿ. ಪಾಳಿ ಯೋಜನೆಗೆ ಎರ್ಲಾಂಗ್ ಲೆಕ್ಕ ಬೇಕು, ಅದನ್ನು ಸ್ಪ್ರೆಡ್‌ಶೀಟಿನಲ್ಲಿ ಮಾಡಬಹುದು. ಈ ವಿದ್ಯೆ ಆಸ್ಪತ್ರೆಗೂ ಬೇಕು, ಬ್ಯಾಂಕಿಗೂ ಬೇಕು. ಅಲ್ಲಿ ಒಬ್ಬೊಬ್ಬರು ಎಷ್ಟು ಹೊತ್ತು ಮಾತಿನಲ್ಲಿರಬೇಕು ಎಂದೂ ಕೇಳಿಕೊಳ್ಳಿ. ಗಂಟೆಯ ನೂರಕ್ಕೆ 85ಕ್ಕಿಂತ ಹೆಚ್ಚು ಹೊತ್ತು ಕರೆಯಲ್ಲೇ ಇರಬೇಕೆನ್ನುವ ಕಡೆ ಜನ ಬಹಳ ದಿನ ಬಾಳುವುದಿಲ್ಲ.

ಇನ್ನೊಬ್ಬ ತಾಯಿ, ಮಗಳಿಗೆ ಚಿಕಿತ್ಸಾಲಯವೊಂದರಲ್ಲಿ ಕೆಲಸ ಸಿಕ್ಕಿದೆ, ಸೇರುವ ಮುಂಚೆ ಏನು ಕೇಳಬೇಕು ಎಂದರು. ಅಮ್ಮ, ಸಂಬಳ, ಪಾಳಿ, ವಾರದ ರಜೆ ಎಲ್ಲರೂ ಕೇಳುತ್ತಾರೆ, ಅದನ್ನು ಕೇಳಲಿ. ಅದರ ಜೊತೆಗೆ, 'ನಾನು ಊಟಕ್ಕೆ ಹೋದಾಗ ಮೇಜಿನಲ್ಲಿ ಯಾರು ಕೂರುತ್ತಾರೆ?' ಎಂದು ಕೇಳಲಿ. ಒಬ್ಬರ ಹೆಸರು ಹೇಳಿದರೆ ಆ 54 ಗಂಟೆಯ ಕುರ್ಚಿಗೆ ಅವರು ಲೆಕ್ಕ ಹಾಕಿದ್ದಾರೆ, ಕಾಯಿಲೆ ಬಿದ್ದ ದಿನ ರಜೆಯೂ ಸಿಗುತ್ತದೆ. 'ಅಲ್ಲೇ ಕೂತು ತಿಂದರಾಯಿತು' ಎಂದರೆ ಆ ಕುರ್ಚಿಗೆ ಒಬ್ಬರೇ, ಬದಲಿ ಇಲ್ಲ. ಆಗ ನೇಮಕ ಪತ್ರಕ್ಕೆ ಸಹಿ ಹಾಕುವ ಮುಂಚೆ, ತಾನು ಬಾರದ ದಿನ ಫೋನು ಯಾರ ಸಂಖ್ಯೆಗೆ ತಿರುಗುತ್ತದೆ ಎಂಬುದನ್ನೂ ಕೇಳಿ, ಅದನ್ನು ಪತ್ರದಲ್ಲಿ ಬರೆಸಿಕೊಳ್ಳಲಿ.